ಮರಳದಿಬ್ಬದ ಮೂರು ತತ್ತಿ

ಬನಹಟ್ಟಿ, ಏಪ್ರಿಲ್ ೨೧

ಕಾಮಣ್ಣ ಕಾಕಾ ಅವರಿಗೆ ನಂದಾಳ ನಮಸ್ಕಾರ.

ಇದನ್ನು ಮೊಮ್ಮಗಳು ವೈಶಾಲಿಯಿಂದ ಓದಿಸಿಕೊಳ್ಳಿರಿ. ಚಿಕ್ಕಪಡಸಲಗಿಯ ಹೊಳೆಯಲ್ಲಿ ನೀವು ತೋರಿಸಿದ, ಮರಳದಿಬ್ಬದ ಮೇಲೆ ತತ್ತಿ ಇಟ್ಟಿದ್ದ ರೀವ ಹಕ್ಕಿಯ ಫೋಟೊವನ್ನು ನಮ್ಮ ಪಕ್ಷಿವೀಕ್ಷಕರ ಗುಂಪಿಗೆ ಕಳಿಸಿದವಳು ನಾನೇ. ಅಪರೂಪದ ಹಕ್ಕಿ ಸಿಕ್ಕ ಹಿಗ್ಗಿನಲ್ಲಿ ಜಾಗದ ಗುರುತನ್ನೂ ಹಾಕಿಬಿಟ್ಟೆ.

ರವಿವಾರ ನಲವತ್ತು ಜನ ಕ್ಯಾಮೆರಾ ಹಿಡಿದು ಬಂದರು. ಮಧ್ಯಾಹ್ನದವರೆಗೂ ತಾಯಿಹಕ್ಕಿಗೆ ಕೆಳಗಿಳಿದು ತತ್ತಿಗಳಿಗೆ ನೆರಳಾಗಲು ಆಗಲಿಲ್ಲ. ಮೂರೂ ತತ್ತಿ ಬಿಸಿಲಿಗೆ ಬೆಂದುಹೋದವು. ಫೋಟೊ ಅಳಿಸಿದೆ, ಅಷ್ಟರಲ್ಲಿ ಅದು ಊರೂರು ಸುತ್ತಿತ್ತು.

"ಈ ಕಡೆ ಕುರಿ ಬಿಡಂಗಿಲ್ಲ ಬೇ ನಂದಾ, ತತ್ತಿ ಅದಾವ" ಎಂದು ನೀವು ಹದಿನೈದು ದಿನ ಇಡೀ ಹಿಂಡನ್ನು ಸುತ್ತುಹಾಕಿಸಿ ನೀರಿಗೆ ಒಯ್ದಿರಿ.

ಮುಂದಿನ ಬೇಸಿಗೆಗೆ ಆ ಹಕ್ಕಿ ಮತ್ತೆ ಬಂದರೆ, ಕುರಿಗಳ ಹಾಗೆ ನನ್ನನ್ನೂ ಆ ಕಡೆ ಬಿಡಬೇಡಿರಿ.

ನಿಮ್ಮ
ನಂದಾ