ಜೀವರಸಾಯನದ ಮೇಲೆ ಲಾಠಿ

ಕಳ್ಳಭಟ್ಟಿ ದಾಳಿದಳದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಮ್ಮ ದಳದವರು ಕಳೆದ ವಾರ ಯೇವಲಾದ ನಮ್ಮ ಹಿತ್ತಲಿಗೆ ನುಗ್ಗಿ, ರೇಷ್ಮೆಗೆ ನೀಲಿ ಹಾಕುವ ಪೀಪಾಯಿಗಳನ್ನು ಹಾರೆಯಿಂದ ಒಡೆದರು. ಅಡ್ಡ ಬಂದ ನನ್ನ ಹೆಂಡತಿ ಮಂದಾಕಿನಿಯ ಬಲ ಮೊಣಕೈಯನ್ನೂ ಒಡೆದರು. ಬೆಲ್ಲದ ಕಳ್ಳಭಟ್ಟಿ ನಾಶವಾಯಿತೆಂದು ಪತ್ರಿಕೆಯಲ್ಲಿ ಸುದ್ದಿ ಬಂತು. ಕೈಯ ಸುದ್ದಿ ಬರಲಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಾನು ಬೀದರಿನವನು, ಬ್ಯಾಂಕಿನ ವರ್ಗಾವಣೆಯಲ್ಲಿ ಮಹಾರಾಷ್ಟ್ರದ ಈ ಊರಿಗೆ ಬಂದವನು. ಮಂದಾಕಿನಿ ಓದಿದ್ದು ಜೀವರಸಾಯನ. ಪೈಠಣಿ ಸೀರೆಯ ರೇಷ್ಮೆ ನೂಲಿಗೆ ನೀಲಿ ಹಿಡಿಸಲು ಇಲ್ಲಿ ಕೆಲವರು ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುತ್ತಾರೆ. ಆ ನೀರು ಚರಂಡಿಗೆ, ಚರಂಡಿಯಿಂದ ಬಾವಿಗೆ. ಅದೇ ಕೆಲಸವನ್ನು ಬ್ಯಾಕ್ಟೀರಿಯಾಗಳಿಂದ ಮಾಡಿಸುತ್ತೇನೆಂದು ಆಕೆ ಹಟ ಹಿಡಿದಳು. ಬೆಲ್ಲ ತಿಂದು ಬದುಕುವ ಆ ಸೂಕ್ಷ್ಮಜೀವಿಗಳು ನೀಲಿಯನ್ನು ನೀರಿನಲ್ಲಿ ಕರಗಿಸಿಕೊಡುತ್ತವೆ; ಕರಗಿದಾಗ ಅದು ಹಳದಿ, ಗಾಳಿ ತಾಗಿದರೆ ಮತ್ತೆ ನೀಲಿ. ಎಷ್ಟೋ ಸಲ ಅವು ಸತ್ತುಹೋದ ಮೇಲೆ ಇಲ್ಲಿಯ ಚಳಿ, ಬಿಸಿಲು ಎರಡನ್ನೂ ತಾಳುವ ಒಂದು ತಳಿ ಅವಳಿಗೆ ದಕ್ಕಿತು. ವಾಸನೆ ಬರುತ್ತಿತ್ತೇ? ಬರುತ್ತಿತ್ತು. ನಾನೇ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದೆ.

"ಯಾತ್ ರಸಾಯನ್ ಆಹೆ ಕಾ?" ಇದರಲ್ಲಿ ರಸಾಯನ ಇದೆಯೇ ಎಂದು ತಮ್ಮ ಜಮಾದಾರರು ಪೀಪಾಯಿ ತೋರಿಸಿ ಕೇಳಿದರು. ಕನ್ನಡದಲ್ಲಿ ಯೋಚಿಸಿ ಮರಾಠಿಯಲ್ಲಿ ಮಾತಾಡುವ ನನ್ನ ಹೆಂಡತಿ ಹೆಮ್ಮೆಯಿಂದ, "ಹೋ, ಜೀವರಸಾಯನ್ ಆಹೆ!" ಹೌದು, ಜೀವರಸಾಯನ ಇದೆ, ಎಂದಳು. ಅವಳ ಬಾಯಲ್ಲಿ ಅದು ವಿದ್ಯೆ. ತಮ್ಮ ದಳದ ಭಾಷೆಯಲ್ಲಿ ರಸಾಯನವೆಂದರೆ ಭಟ್ಟಿಗಿಡಲು ಕೊಳೆಹಾಕಿದ ಬೆಲ್ಲದ ನೀರು. ತಪ್ಪೊಪ್ಪಿಗೆ ಸಿಕ್ಕಿತಲ್ಲ, ಇನ್ನೇನು ಬೇಕು! ಹಾರೆ ಎತ್ತಿದರು. "ಅದರಾಗ ಜೀವ ಅದಾವ್ರಿ, ಒಡೀಬ್ಯಾಡ್ರಿ!" ಎಂದು ಕಿರುಚಿ ಅವಳು ಪೀಪಾಯಿಯನ್ನು ತಬ್ಬಿಕೊಂಡಳು. ಲಾಠಿ ಬಿತ್ತು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವಳನ್ನು ದಾಟಿಹೋಗಿ ಉಳಿದವನ್ನೂ ಒಡೆದರು, ಒದ್ದೆ ರೇಷ್ಮೆಯ ಲಡಿಗಳನ್ನು ಬೂಟಿನಲ್ಲಿ ಹೊಸಕಿದರು. ಹಳದಿಯಾಗಿ ಚೆಲ್ಲಿದ ನೀರು ಗಾಳಿ ತಾಗಿ ಅವರ ಕಣ್ಣೆದುರೇ ನೀಲಿಯಾಯಿತು, ಅದರೊಳಗೆ ಅವಳ ರಕ್ತ. ಆಗಲೂ ಯಾರೂ ನಿಲ್ಲಲಿಲ್ಲ. ಮಾನ್ಯರೇ, ನೀಲಿ ಸಾರಾಯಿ ಕುಡಿದವರು ತಮ್ಮ ಇಲಾಖೆಯಲ್ಲಿ ಯಾರಾದರೂ ಇದ್ದಾರೆಯೇ? ಆ ಲಾಠಿ ಕಸಿದುಕೊಂಡು, ಅದನ್ನು ಹಿಡಿದಿದ್ದವನ ತಲೆ ಒಡೆಯಬೇಕೆನಿಸಿತು. ಇಬ್ಬರು ನನ್ನನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ಈಗಲೂ ಅನಿಸುತ್ತದೆ.

ಒಂದೇ ಒಂದು ಪೀಪಾಯಿ ಉಳಿದಿದೆ. ಅದನ್ನು ಸಾಕ್ಷ್ಯವೆಂದು ಮೊಹರು ಹಾಕಿ ತಮ್ಮ ಉಗ್ರಾಣದಲ್ಲಿಟ್ಟಿದ್ದೀರಿ. ಪರೀಕ್ಷೆಯ ವರದಿ ಬರಲು ತಿಂಗಳುಗಳೇ ಹಿಡಿಯುತ್ತವಂತೆ. ಅಷ್ಟರಲ್ಲಿ ಆ ತಳಿ ಹಸಿವಿನಿಂದ ಸಾಯುತ್ತದೆ, ಮತ್ತೆಲ್ಲೂ ಅದು ಸಿಗುವುದಿಲ್ಲ. ಬೆಲ್ಲ ಹಿಡಿದು ಹೋದರೆ ತಮ್ಮ ಗುಮಾಸ್ತರು, ಮುದ್ದೇಮಾಲಿಗೆ ಊಟ ಹಾಕುವ ನಿಯಮವಿಲ್ಲ ಎಂದರು. ಎಮ್ಮೆ ಜಪ್ತಿ ಮಾಡಿದ್ದರೆ ಮೇವು ಹಾಕುತ್ತಿರಲಿಲ್ಲವೇ? ಕಣ್ಣಿಗೆ ಕಾಣದ್ದಕ್ಕೆ ಹಸಿವೇ ಇಲ್ಲವೇ?

ಮೊಕದ್ದಮೆ ನಡೆಸಿ, ಬೇಕಾದರೆ ನನ್ನನ್ನು ಒಳಗೆ ಹಾಕಿ. ಆದರೆ ಇಂದೇ ಆ ಮೊಹರು ಒಡೆಯಿರಿ, ಒಡೆಯುವುದು ತಮ್ಮವರಿಗೆ ಚೆನ್ನಾಗಿ ಬರುತ್ತದೆ. ಒಂದು ಹಿಡಿ ಬೆಲ್ಲ ಹಾಕಲು ಬಿಡಿ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮಂದಾಕಿನಿ ತನ್ನ ಕೈಯ ಮಾತೆತ್ತಲಿಲ್ಲ. "ಅವಕ್ಕ ಬೆಲ್ಲ ಹಾಕೀರೇನ್ರಿ?" ಎಂದಳು. "ಹಾಕೀನಿ" ಎಂದೆ. ನಾಳೆ ಅವಳನ್ನು ಮನೆಗೆ ಕರೆತರುತ್ತಿದ್ದೇನೆ. ಅಷ್ಟರೊಳಗೆ ನನ್ನ ಸುಳ್ಳನ್ನು ನಿಜ ಮಾಡಿಕೊಡಿ.

ಇಂತಿ,
ಹೆಂಡ ಮುಟ್ಟದೆಯೂ ಭಟ್ಟಿಯವನೆಂದು ಊರಿಗೆಲ್ಲ ಹೆಸರಾದ
ವೈಜನಾಥ, ಬ್ಯಾಂಕ್ ನೌಕರ
ಯೇವಲಾ, ಜನವರಿ ೨೦೧೪