ತಂಗಿ ಕಟ್ಟಿದ ಬಿಲ್ಡ್

ಮಾರ್ಚ್ 4, ಮಂಗಳವಾರ

ಬಿಲ್ಡ್‌ಗೆ ಒತ್ತಿ, ಕಾಫಿ ತಂದು, ಕುಡಿದು, ಲೋಟ ತೊಳೆದಿಟ್ಟರೂ ಮುಗಿದಿರಲಿಲ್ಲ. ಎಂದಿನಂತೆ. ಅಷ್ಟೂ ಕೋಡ್ ಫೈಲುಗಳನ್ನು ಒಟ್ಟು ಕಟ್ಟಿದರೇ ಯಂತ್ರಕ್ಕೆ ಹಾಕುವ ಸಾಫ್ಟ್‌ವೇರ್. ಹುಡುಗಾಟವಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ತೊಟ್ಟಿಲು ನಮ್ಮದು.

ಪಕ್ಕದ ಕುರ್ಚಿಯಿಂದ ತಂಗಿ ಬಗ್ಗಿ ನೋಡಿದಳು. ಕೆಲಸಕ್ಕೆ ಹೊಸಬಳು.

"ಅಕ್ಕಾ, ಬದಲಾಗದೇ ಇರೋ ಫೈಲನ್ನೂ ದಿನಾ ಯಾಕೆ ಕಟ್ಟೋದು? ಒಂದ್ಸಲ ಕಟ್ಟಿದ್ದನ್ನ ಎತ್ತಿಟ್ಕೊಂಡ್ರೆ ಆಗಲ್ವಾ?"

"ಅದಕ್ಕೆ ಕ್ಯಾಶ್ ಅಂತ ಒಂದು ಉಗ್ರಾಣ ಹಾಕ್ಬೇಕು. ಯಾರಿಗಿದೆ ಪುರುಸೊತ್ತು?"

ಅವಳಿಗಿದೆಯಂತೆ.

ಮಾರ್ಚ್ 14, ಶುಕ್ರವಾರ

ಹಾಕಿಯೇಬಿಟ್ಟಳು. ಅವಳ ಕಂಪ್ಯೂಟರಿನಲ್ಲಿ ಕುರ್ಚಿ ಬಿಟ್ಟು ಏಳುವಷ್ಟರಲ್ಲಿ ಬಿಲ್ಡ್ ರೆಡಿ. ಮ್ಯಾನೇಜರ್ ಎಲ್ಲರನ್ನೂ ಕರೆದು ತೋರಿಸಿದರು. "ಇಷ್ಟು ವರ್ಷ ಇದು ಯಾರ ತಲೆಗೂ ಹೊಳೀಲಿಲ್ವಲ್ಲ!" ಇಷ್ಟು ವರ್ಷ ಬಿಲ್ಡ್ ನೋಡಿಕೊಂಡವಳು ನಾನು; ಯಾರ ತಲೆ ಅಂತ ಎಲ್ಲರಿಗೂ ಗೊತ್ತು. ಚಪ್ಪಾಳೆ. ನಾನೇ ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಊಟಕ್ಕೆ ಕೂತಾಗ ಅಮ್ಮ: "ಚಿಕ್ಕೋಳು ಬಂದ್ಮೇಲೆ ನಿಮ್ಮ ಆಫೀಸೇ ಉದ್ಧಾರ ಆಯ್ತಂತೆ?" ಅವಳಿಗೆ ಕೀಬೋರ್ಡ್ ಮೇಲೆ ಬೆರಳಿಡಲು ಕಲಿಸಿದವಳು ನಾನು... ಅದನ್ನು ಯಾರೂ ಕೇಳುವುದಿಲ್ಲ.

ಮಾರ್ಚ್ 17, ಸೋಮವಾರ

ಅವಳ ಕೆಲಸ ರಿವ್ಯೂಗೆ ನನ್ನ ಬಳಿಯೇ ಬಂತು. ಒಂದೊಂದು ಸಾಲನ್ನೂ ಸೋಸಿದೆ. ತಪ್ಪು ಸಿಗಲಿ ಅಂತಲೇ.

ಸಿಕ್ಕಿತು. ಎತ್ತಿಟ್ಟ ತುಂಡು ಹಳತಾಯಿತೇ ಎಂದು ತಿಳಿಯಲು ಅವಳ ಕ್ಯಾಶ್ ನೋಡುವುದು ಕೋಡ್ ಒಂದನ್ನೇ. ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರಿನ ಸೆಟ್ಟಿಂಗ್ ಬದಲಾದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಳೆ ತುಂಡಿಗೆ ಹೊಸ ತುಂಡು ಸೇರಿಸಿ ಹೊಲಿದುಬಿಡುತ್ತದೆ, ತುಟಿಪಿಟಕ್ಕೆನ್ನದೆ.

ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆದೆ... ಅಳಿಸಿದೆ. ಹೇಳಿದರೆ ಸರಿಮಾಡುತ್ತಾಳೆ. ಮತ್ತೆ ಚಪ್ಪಾಳೆ. ಒಮ್ಮೆ ಎಲ್ಲರೆದುರು ಎಡವಲಿ. ಆಗ ನಾನೇ ಎತ್ತುತ್ತೇನೆ.

ಅಪ್ರೂವ್ ಒತ್ತಿದೆ.

"ಥ್ಯಾಂಕ್ಸ್ ಅಕ್ಕಾ!" ಅಂತ ಕತ್ತಿಗೆ ಜೋತುಬಿದ್ದಳು.

ಏಪ್ರಿಲ್ 9, ಬುಧವಾರ, ಮಧ್ಯಾಹ್ನ

ಎಡವಿದಳು.

ನಿನ್ನೆ ಯಾರೋ ಕಂಪೈಲರ್ ಸೆಟ್ಟಿಂಗ್ ಬದಲಾಯಿಸಿದ್ದಾರೆ. ಬಿಲ್ಡ್ ಮಾತ್ರ ಹಸಿರು, ಅಂದರೆ ದೋಷವೇ ಇಲ್ಲ. ಟೆಸ್ಟರ್ ಓಡಿ ಬಂದರು. "ತೊಟ್ಟಿಲು ಕಾದ ಹೆಂಚಾಗಿದೆ ರೀ! ಸ್ಕ್ರೀನ್ ನೋಡಿದ್ರೆ ಎಲ್ಲಾ ಸರಿಯಿದೆ ಅಂತಿದೆ!"

ಹೋಗಿ ಕೈಯಿಟ್ಟೆ. ಸರಕ್ಕನೆ ಎಳೆದುಕೊಂಡೆ. ಒಳಗಿದ್ದದ್ದು ರಬ್ಬರ್ ಗೊಂಬೆ. ಈ ವಾರವೇ ಆಸ್ಪತ್ರೆಗೆ ಹೋಗಬೇಕಿದ್ದ ಬಿಲ್ಡ್.

ಖುಷಿಯಾಗಬೇಕಿತ್ತು. ಆಗಿತ್ತು ಕೂಡ — ಕೈಯಿಡುವ ತನಕ.

ಎಲ್ಲರೂ ಕೋಡ್ ಜಾಲಾಡುತ್ತಿದ್ದರು. ನಾನು ಸೀದಾ ಹೋಗಿ ಕ್ಯಾಶ್ ಅಳಿಸಿ ಮೊದಲಿಂದ ಕಟ್ಟಿದೆ. ತೊಟ್ಟಿಲು ಹದಕ್ಕೆ ಬಂತು. ಇನ್ನು ಮುಂದೆ ಕಂಪೈಲರ್ ಆಗಲಿ ಸೆಟ್ಟಿಂಗ್ ಆಗಲಿ ಬದಲಾದರೆ ಹಳೆ ತುಂಡು ಬಳಸದ ಹಾಗೆ ತಿದ್ದಿದೆ.

"ಅನುಭವ ಅಂದ್ರೆ ಇದು!" ಅಂದರು ಮ್ಯಾನೇಜರ್. "ಇನ್ಮೇಲೆ ಬಿಲ್ಡ್ ಪೂರ್ತಿ ನಿಮ್ದೇ. ನಿಮ್ಮ ತಂಗಿ ಅದನ್ನ ಮುಟ್ಟೋದು ಬೇಡ."

ವಾಶ್‌ರೂಮಿನಲ್ಲಿ ಸಿಕ್ಕಳು. ಕಣ್ಣು ಊದಿದೆ. ಅಳುವಾಗಲೂ ಲಕ್ಷಣವಾಗಿ ಕಾಣುತ್ತಾಳೆ — ಅದಕ್ಕೂ ಒಂದು ಗಳಿಗೆ ಹೊಟ್ಟೆ ಉರಿಯಿತು. ಎಂಥವಳು ನಾನು.

"ಮಗು ಇದ್ದಿದ್ರೆ, ಅಕ್ಕಾ?"

"ಇರ್ಲಿಲ್ವಲ್ಲೇ."

"ನಿನ್ನ ಕಣ್ಣಿಗೇ ಬೀಳ್ಲಿಲ್ಲ ಅಂದ್ರೆ ಇನ್ಯಾರಿಗೆ ಕಾಣ್ತಿತ್ತು, ಬಿಡು. ಅಪ್ರೂವ್ ಮಾಡ್ಬಿಟ್ನಲ್ಲಾ ಅಂತ ನೀನು ಬೇಜಾರ್ ಮಾಡ್ಕೋಬೇಡ."

ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಾಳೆ!

ಏಪ್ರಿಲ್ 12, ಶನಿವಾರ

ಕೆಲಸ ಬಿಡುತ್ತಾಳಂತೆ. ಈ ಕೆಲಸ ತನ್ನ ಕೈಲಾಗುವುದಿಲ್ಲವಂತೆ. ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡು, "ನೀನಾದ್ರೂ ಹೇಳೇ. ನಿನ್ನ ಮಾತಂದ್ರೆ ಅವಳಿಗೆ ವೇದವಾಕ್ಯ" ಅಂದಳು.

ಪಕ್ಕದ ಕುರ್ಚಿ ಖಾಲಿಯಾಗುತ್ತದೆ. ಬೇಕಿದ್ದದ್ದು ಇದೇ ತಾನೆ? ಸುಮ್ಮನಿದ್ದರೆ ಸಾಕು, ತಾನಾಗಿಯೇ ಆಗುತ್ತದೆ. ಸುಮ್ಮನಿರುವುದು ನನಗೆ ಬರುತ್ತದೆ...

ಕರೆದುಬಿಟ್ಟೆ. ಜೋರಾಗಿ. ಹಿಂದೆ ಸರಿಯಲು ದಾರಿ ಇರಬಾರದು ಅಂತ.

"ಬಂದೆ ಅಕ್ಕಾ" ಅಂದಳು ಒಳಗಿಂದ.

ಸುತ್ತಿ ಬಳಸಬಾರದು. ಅಳಲೂ ಬಾರದು. 'ನಾನು ನೋಡಿದ್ದೆ ಕಣೇ' — ಅಲ್ಲಿಂದಲೇ ಶುರು. ಬಾಗಿಲಿಗೆ ಬಂದಳು. ಪೆನ್ನು ಕೆಳಗಿಟ್ಟೆ; ಹೇಳಿಬಿಡುತ್ತೇನೆ.