ಡೆಲ್ಮರ್ ಸಾಹೇಬರ ಕೊನೆಯ ಪಂದ್ಯ

೧೪ ಡಿಸೆಂಬರ್ ೧೯೯೫, ಗುರುವಾರ

ಡೆಲ್ಮರ್ ಸಾಹೇಬರ ಮನೆಯಿಂದ ಅಷ್ಟು ಬೇಗ ಎದ್ದು ಬರಬಾರದಿತ್ತು.

ಸಾಹೇಬರು ನಮ್ಮ ಆಫೀಸಿನ ಅಮೆರಿಕನ್ ಮ್ಯಾನೇಜರ್. ಅವರ ಕಾಲೇಜು ತಂಡದ ಫುಟ್‌ಬಾಲ್ ಪಂದ್ಯದ ವಿಡಿಯೋ ಟೇಪನ್ನು ತಂಗಿ ಟೆಕ್ಸಾಸಿನಿಂದ ಕಳಿಸಿದ್ದಳಂತೆ. ಆಫೀಸಿನ ಎಂಟು ಜನರನ್ನು ಈ ಅರಬ್ ಊರಿನ ಅಲ್ ಅಜೀಜಿಯಾ ಬಡಾವಣೆಯ ತಮ್ಮ ವಿಲ್ಲಾಕ್ಕೆ ಕರೆದಿದ್ದರು. ಹೋದವನು ಟೈಪಿಸ್ಟ್ ನಾನೊಬ್ಬನೇ. ಖಾಲಿ ಕುರ್ಚಿಗಳ ನಡುವೆ ಇಬ್ಬರೂ ಕೂತೆವು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆ ಆಟ ನನಗೆ ಒಂದಿಷ್ಟೂ ತಿಳಿಯಲಿಲ್ಲ.

"ಎಂಬತ್ತು ವರ್ಷ ಇದೇ ಕಾಲೇಜುಗಳ ಜೊತೆ ಆಡಿದೆವು, ಲಿಗೋರಿ," ಎಂದರು. "ಟೀವಿಯವರು ದುಡ್ಡು ತೋರಿಸಿದರು. ದೊಡ್ಡ ಕಾಲೇಜುಗಳು ನಮ್ಮನ್ನು ಬಿಟ್ಟು ಬೇರೆ ಗುಂಪು ಸೇರಿದವು. ನಮ್ಮನ್ನು ಯಾರೂ ಕರೆಯಲಿಲ್ಲ. ಅಪ್ಪನ ಜೊತೆ ಹೋಗುತ್ತಿದ್ದ ಪಂದ್ಯ ಇನ್ನಿಲ್ಲ. ಇದೇ ಕೊನೆಯದು. ಖಲಾಸ್."

ಅವರ ಕಣ್ಣು ಒದ್ದೆಯಾಗಿತ್ತು. "ಸರ್, ವ್ಯಾನ್ ಬಂತು" ಎಂದು ಸುಳ್ಳು ಹೇಳಿ ಎದ್ದೆ.

"ಒಂದು ಚಹಾ ಕುಡಿದು ಹೋಗು."

ನಿಲ್ಲಲಿಲ್ಲ.

ನನ್ನನ್ನು ಕರೆದೊಯ್ಯುವ ಆಫೀಸಿನ ವ್ಯಾನಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಗೇಟಿನಾಚೆ ಒಬ್ಬನೇ ಕೂತೆ. ಒಳಗೆ ಅವರು ಟೇಪನ್ನು ಮತ್ತೆ ಮೊದಲಿನಿಂದ ಹಾಕಿದರು. ಜನರ ಕೂಗು ಹೊರಗೆ ಕೇಳಿಸುತ್ತಿತ್ತು. ಹೋಗಿ ಬಾಗಿಲು ತಟ್ಟಬಹುದಿತ್ತು. ಈ ಊರಿಗೆ ಬಂದ ಆರು ವರ್ಷಗಳಲ್ಲಿ ನನ್ನನ್ನು ಮನೆಗೆ ಕರೆದು ಕೂರಿಸಿದವರು ಅವರೊಬ್ಬರೇ. ನಾಳೆ ರಜೆ. ಶನಿವಾರ ಯಾವ ಮುಖ ಇಟ್ಟುಕೊಂಡು ಅವರ ಕ್ಯಾಬಿನ್ನಿಗೆ ಹೋಗಲಿ?